ವಾಪಸ್ ಬಂದ ನೀಲಿ ಕ್ರೇಟುಗಳು

ಮೇಸ್ತ್ರಿ ಅಕ್ಕನಿಗೆ ಮೀನಿನ ವಾಸನೆ ಹೊಸದಲ್ಲ. ಇಪ್ಪತ್ತೆರಡು ವರ್ಷ ಒಂದೇ ಕಾರ್ಖಾನೆಯಲ್ಲಿ ಮೀನು ಸೀಳಿ, ಕರುಳು ತೆಗೆದು, ಐಸಿನ ಮೇಲೆ ಸಾಲಾಗಿ ಮಲಗಿಸಿದವಳು. ತಾಜಾ ಮೀನು ನಾರುವುದೇ ಇಲ್ಲ ಎಂದು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಿದ್ದಳು. ಆದರೆ ನೀಲಿ ಕ್ರೇಟುಗಳು ಅಂಗಡಿಗಳಿಂದ ವಾಪಸ್ ಬರತೊಡಗಿದ ಮೂರನೇ ವಾರ, ಒಂದರ ಮುಚ್ಚಳ ಎತ್ತಿದವಳು ಹಾಗೇ ಪಕ್ಕಕ್ಕೆ ತಿರುಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಚರಂಡಿಗೆ ಕಕ್ಕಿಬಿಟ್ಟಳು.

ಒಳಗೆ ಎರಡು ಬೆರಳು ದಪ್ಪದ ಕಂದು ಲೋಳೆ. ಅದರಲ್ಲಿ ಕೊಳೆತ ಮೀನಿನ ತಲೆಗಳು, ಸಿಗರೇಟಿನ ತುಂಡುಗಳು, ಯಾವುದೋ ಮಗುವಿಗೆ ತೊಡಿಸಿ ಬಿಸಾಕಿದ ಡೈಪರು. ಗಾಳಿಯೇನೂ ಇರಲಿಲ್ಲ, ಆದರೂ ಲೋಳೆ ತನ್ನಷ್ಟಕ್ಕೆ ಅಲುಗುತ್ತಿತ್ತು. ಬಗ್ಗಿ ನೋಡಿದರೆ ಹುಳ, ಅಕ್ಕಿ ಚೆಲ್ಲಿದಷ್ಟು ಹುಳ.

ಮೊದಲು ಈ ತಾಪತ್ರಯ ಇರಲಿಲ್ಲ. ಮೀನು ಹೋಗುತ್ತಿದ್ದದ್ದು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ. ಅಂಗಡಿಯವರು ಮೀನು ಎತ್ತಿಕೊಂಡು ಪೆಟ್ಟಿಗೆ ಬೀದಿಗೆ ಎಸೆದರೆ ಮುಗಿಯಿತು. ಅದು ಚೂರುಚೂರಾಗಿ ನಾಲೆ ಸೇರಿ, ಸೇತುವೆಯ ಕೆಳಗೆ ಬೆಳ್ಳಗೆ ಕಟ್ಟಿಕೊಂಡು ನಿಲ್ಲುತ್ತಿತ್ತು. ಕಾರ್ಖಾನೆಯ ಅತಿ ದೊಡ್ಡ ಗಿರಾಕಿಯಾದ ಮೂರು ಮಹಡಿಯ ಸೂಪರ್ ಮಾರ್ಕೆಟ್ಟಿಗೆ ಒಂದು ದಿನ ಇದ್ದಕ್ಕಿದ್ದಂತೆ ಪರಿಸರದ ಮೇಲೆ ಪ್ರೀತಿ ಉಕ್ಕಿತು. ಥರ್ಮೋಕೋಲಿನಲ್ಲಿ ಬಂದ ಮೀನು ಇನ್ನು ಮುಟ್ಟುವುದಿಲ್ಲ ಎಂದು ಕಾಗದ ಬಂತು. ಹಾಗಾಗಿ ಈ ಕ್ರೇಟುಗಳು ಬಂದವು. ಮೀನು ತುಂಬಿಕೊಂಡು ಹೋಗಬೇಕು, ಖಾಲಿಯಾಗಿ ವಾಪಸ್ ಬರಬೇಕು, ತೊಳೆಸಿಕೊಂಡು ಮತ್ತೆ ಹೋಗಬೇಕು. ತೊಳೆಯಲು ಒಂದು ಶೆಡ್ಡು, ನಾಲ್ವರು ಹೆಂಗಸರು, ಅವರ ಮೇಲೆ ಮೇಸ್ತ್ರಿಯಾಗಿ ಅಕ್ಕ.

ಅಕ್ಕನಿಗೆ ಈ ಏರ್ಪಾಡು ಮನಸಾರೆ ಹಿಡಿಸಿತ್ತು. ನಾಲೆಯ ಪಕ್ಕದಲ್ಲೇ ಮನೆ; ಆ ಬಿಳಿ ಕಸ ನೋಡಿ ನೋಡಿ ಅವಳ ಕಣ್ಣು ಸೋತಿತ್ತು. ಆದರೆ ಶೆಡ್ಡು ಎದ್ದು ನಿಲ್ಲುವ ಹೊತ್ತಿಗೆ ಬಿಸಿನೀರಿನ ಬಾಯ್ಲರ್ ಖರ್ಚಿನ ಪಟ್ಟಿಯಿಂದ ಹಾರಿಹೋಗಿತ್ತು. ಹಸಿರು ಎಲೆಯ ಚಿತ್ರವಿರುವ ಆಳೆತ್ತರದ ಬೋರ್ಡು ಮಾತ್ರ ಹಾರಿರಲಿಲ್ಲ. ನಾಲ್ವರೂ ತಣ್ಣೀರು ಬಿಟ್ಟುಕೊಂಡು ಬ್ರಷ್ಷಿನಲ್ಲಿ ಉಜ್ಜಿದರೆ ಜಿಡ್ಡು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ.

ಆ ನಾತ ಮೈಗೆ ಅಂಟಿಕೊಂಡು ಮನೆಗೂ ಬಂತು. ಸೊಸೆಗೆ ಐದು ತಿಂಗಳು. ಅಕ್ಕ ಹೊಸ್ತಿಲು ದಾಟಿದ ಕೂಡಲೇ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದಳು.

"ಅತ್ತೆ, ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲೇನೂ ಇಲ್ಲ. ಹೊಟ್ಟೇನೇ ಕೇಳಲ್ಲ ಅನ್ನುತ್ತೆ."

"ನನ್ನ ಹೊಟ್ಟೇನೂ ಕೇಳ್ತಿಲ್ಲ ಕಣೇ," ಎಂದು ಅಕ್ಕ ಹಿತ್ತಲಿಗೆ ಹೋಗಿ, ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ, ಹೊರಗಿನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ದರ್ಜಿ ಕೆಲಸದ ಗಂಡ ಅವಳ ಕೆಲಸದ ಬಟ್ಟೆಗೆಂದು ಹೊರಗೋಡೆಗೆ ಒಂದು ಮೊಳೆ ಹೊಡೆದುಕೊಟ್ಟ, ಅಷ್ಟೇ.

ವಾಂತಿಯಾದ ದಿನವೇ ಅವಳು ಮ್ಯಾನೇಜರನ ಕೋಣೆಗೆ ಹೋದಳು. ಅವನ ಕೋಣೆಯಲ್ಲಿ ಮಲ್ಲಿಗೆ ಸೆಂಟಿನ ಗಮಲು ತಲೆ ಸುತ್ತುವಷ್ಟಿತ್ತು.

"ಸಾರ್, ಬಿಸಿನೀರು ಬೇಕು. ತಣ್ಣೀರಿಗೆ ಏನೂ ಬಿಡಲ್ಲ."

"ಬಾಯ್ಲರ್ ಮುಂದಿನ ವರ್ಷದ ಪಟ್ಟೀಲಿದೆ ಅಕ್ಕ."

"ಹುಳ ಮುಂದಿನ ವರ್ಷದ ತನಕ ಕಾಯುತ್ತಾ ಸಾರ್?"

ಮ್ಯಾನೇಜರ್ ಮುಖ ಸಿಂಡರಿಸಿದ. "ಊಟದ ಹೊತ್ತಲ್ಲಿ ಅದೆಲ್ಲ ಯಾಕೆ ಹೇಳ್ತೀರಾ?"

"ಹೋಗ್ಲಿ, ತೊಳೆದು ಕಳಿಸಿ ಅಂತ ಅಂಗಡಿಯವರಿಗಾದ್ರೂ ಹೇಳಿ."

"ಗಿರಾಕಿಗಳಿಗೆ ಹಾಗೆಲ್ಲ ಹೇಳೋಕಾಗುತ್ತಾ? ನೀವು ಗಟ್ಟಿ ಮನುಷ್ಯರು ಅಂತಾನೇ ನಿಮ್ಮನ್ನ ಅಲ್ಲಿ ಹಾಕಿರೋದು. ಸ್ವಲ್ಪ ಹೊಂದಿಕೊಳ್ಳಿ."

ಹೊಗಳಿಕೆಯಿಂದ ಮೂಗು ಮುಚ್ಚಿಕೊಳ್ಳಲು ಬರುವಂತಿದ್ದರೆ ಅವಳು ಅಂದೇ ಮುಚ್ಚಿಕೊಳ್ಳುತ್ತಿದ್ದಳು. ಅದಾಗಲಿಲ್ಲ. ವಾರದ ರಜೆಯ ದಿನ ಅವಳು ಕ್ರೇಟು ಒಯ್ಯುವ ಲಾರಿ ಹತ್ತಿದಳು. ಓಡಿಸುವವನು ಅವಳ ಸ್ವಂತ ತಮ್ಮ.

"ಅದೆಲ್ಲಿ ಕೊಳೆಯುತ್ತೆ ಅಂತ ಕಣ್ಣಾರೆ ನೋಡ್ಬೇಕು ಕಣೋ."

"ನೋಡಿ ಏನ್ಮಾಡ್ತೀಯ? ಮೂಗಿಗೆ ಬಟ್ಟೆ ಕಟ್ಟಿಕೋ, ಮೊದಲು ದೊಡ್ಡೋರ ಮನೆಗೇ ಹೋಗೋಣ," ಎಂದ ತಮ್ಮ.

ಸೂಪರ್ ಮಾರ್ಕೆಟ್ಟಿನ ಮುಂಬಾಗಿಲಿನ ಗಾಜಿನ ಮೇಲೂ ಹಸಿರು ಎಲೆ ಅಂಟಿಸಿದ್ದರು. 'ನಮ್ಮ ಮೀನು ನಾಲೆಯನ್ನು ಕೆಡಿಸುವುದಿಲ್ಲ' ಎಂದು ಅದರ ಕೆಳಗೆ ಬರೆದಿತ್ತು. ಲಾರಿ ಹಿಂಬಾಗಿಲಿಗೆ ಹೋಯಿತು. ಅಲ್ಲಿ ಕಸದ ಡಬ್ಬಿಗಳ ಪಕ್ಕದಲ್ಲಿ, ಬಿಸಿಲಿಗೆ ಬಾಯಿ ತೆರೆದುಕೊಂಡು, ಐದು ದಿನದ ನೀಲಿ ಕ್ರೇಟುಗಳು ಬಿದ್ದಿದ್ದವು. ಬಿಳಿ ಟೋಪಿಯ ಒಬ್ಬ ನೌಕರ ಒಳಗಿನಿಂದ ಬಂದು, ಬಕೆಟ್ಟಿನಲ್ಲಿದ್ದ ಕೋಳಿ ಪುಕ್ಕ, ಕರುಳು ಎಲ್ಲವನ್ನೂ ಒಂದು ಕ್ರೇಟಿಗೆ ಸುರಿದು, ಅದರ ಮೇಲೇ ಉಗುಳಿ ಒಳಗೆ ಹೋದ. ನೊಣಗಳು ಒಮ್ಮೆ ಎದ್ದು ಮತ್ತೆ ಕೂತವು. ಅಕ್ಕ ಲಾರಿಯಿಂದ ಇಳಿದಳು.

ಗುಡಿಸುವ ಹೆಂಗಸು ಅಲ್ಲೇ ಇದ್ದಳು. ಅಕ್ಕ ಅವಳನ್ನೇ ಕೇಳಿದಳು, "ಇದರೊಳಗೆ ಯಾಕಮ್ಮ ಕಸ ಹಾಕ್ತೀರಾ? ಇದನ್ನ ತೊಳೆಯೋಳು ನಾನು."

ಆ ಹೆಂಗಸು ಕಣ್ಣರಳಿಸಿದಳು. "ಇದು ವಾಪಸ್ ಹೋಗುತ್ತಾ? ಅಯ್ಯೋ, ನಂಗ್ಯಾರೂ ಹೇಳ್ಲಿಲ್ಲ. ಹೊಸ ಕಸದ ಡಬ್ಬಿ ಬಂತು ಅಂದ್ಕೊಂಡಿದ್ದೆ."

ಹೇಳಬೇಕಾದವರು ಹೇಳಿರಲಿಲ್ಲ, ಅಷ್ಟೇ ಅಲ್ಲ. ದಾರಿಯಲ್ಲಿ ತಮ್ಮ ಇನ್ನೊಂದು ವಿಷಯ ಬಿಡಿಸಿ ಹೇಳಿದ. ಲಾರಿ ಖಾಲಿ ಬರಬಾರದು ಎಂದು ಸಾಗಣೆಯ ಕಾಂಟ್ರಾಕ್ಟರು ಬರುವಾಗ ಸಿಮೆಂಟು, ಬಣ್ಣದ ಡಬ್ಬ ಏನಾದರೂ ಹೇರಿಸುತ್ತಾನೆ. ಕಸ ತುಂಬಿದ ಕ್ರೇಟುಗಳಿಗೆ ಜಾಗ ಉಳಿಯುವುದು ನಾಲ್ಕೈದು ದಿನಕ್ಕೊಮ್ಮೆ.

ಕೊನೆಗೆ ಹೋದದ್ದು ಮಾರುಕಟ್ಟೆಯ ಮೂಲೆಯಲ್ಲಿದ್ದ ಒಂದು ಸಣ್ಣ ಅಂಗಡಿಗೆ. ಗೂನು ಬೆನ್ನಿನ ಮುದುಕಿಯೊಬ್ಬಳು ಮೀನು ತೂಗುತ್ತಿದ್ದಳು. ಅವಳ ಕ್ರೇಟುಗಳು ಒಂದರೊಳಗೊಂದು ಕೂತು, ನೆರಳಿನಲ್ಲಿ ಬೋರಲಾಗಿ ಒಣಗುತ್ತಿದ್ದವು. ಅಕ್ಕ ಒಂದನ್ನೆತ್ತಿ ಮೂಸಿದಳು. ಮೀನಿನ ವಾಸನೆ ಬಿಟ್ಟರೆ ಇನ್ನೇನಿಲ್ಲ. ಅವಳಿಗೆ ಕಣ್ಣಲ್ಲಿ ನೀರೇ ಬಂತು.

"ಏನ್ ಹಾಕಿ ತೊಳೀತೀರಾ ಅಜ್ಜಿ?"

"ಏನ್ ಹಾಕೋದು? ಐಸ್ ಕರಗಿದ ನೀರು ಹೇಗೂ ಚೆಲ್ಲೋದೇ ತಾನೆ? ಚೆಲ್ಲೋ ಮುಂಚೆ ಇದರೊಳಗೆ ಹಾಕಿ ಕುಲುಕ್ತೀನಿ. ನಾಳೆ ಇದರಲ್ಲಿ ಬರೋದು ನನ್ನ ಮೀನೇ ಅಲ್ವೇನಮ್ಮ?"

ವಾಪಸ್ ಬರುವಾಗ ಅಕ್ಕ ಮುದುಕಿಯ ಕ್ರೇಟುಗಳನ್ನೇ ನೋಡುತ್ತಿದ್ದಳು. ಹನ್ನೆರಡು ಕ್ರೇಟು ಒಂದರೊಳಗೊಂದು ಸೇರಿ ಮೂರು ಕ್ರೇಟಿನ ಜಾಗದಲ್ಲಿ ಕೂತಿದ್ದವು. "ಲೋ, ಒಳಗೆ ಕಸ ಇಲ್ದಿದ್ರೆ ಇವು ಒಂದು ಮೂಲೇಲಿ ಹಿಡಿಸ್ತವೆ. ಸಿಮೆಂಟಿನ ಜೊತೇಲೇ ದಿನಾ ತರಬಹುದು."

ತಮ್ಮ ತಿರುಗಿ ನೋಡಿ, "ಹೌದಲ್ವಾ," ಎಂದ.

ಮರುದಿನದಿಂದ ಅಕ್ಕ ತಮ್ಮ ಇಬ್ಬರೂ ಯಾರನ್ನೂ ಕೇಳದೆ ಒಂದು ಕಟ್ಟುಪಾಡು ಮಾಡಿದರು. ಐಸ್ ನೀರಲ್ಲಿ ಕುಲುಕಿಟ್ಟ ಕ್ರೇಟಾದರೆ ಲಾರಿ ಹತ್ತುತ್ತದೆ. ಇಲ್ಲದಿದ್ದರೆ ಅಲ್ಲೇ ಬಿದ್ದಿರಲಿ. ಸಣ್ಣ ಅಂಗಡಿಯವರು ಮೊದಮೊದಲು ಹಾರಾಡಿದರು, ತಮ್ಮನ ವಂಶವನ್ನೆಲ್ಲ ಜಾಲಾಡಿದರು. ತಮ್ಮ ಹಲ್ಲು ಕಿರಿದುಕೊಂಡು ಗಾಡಿ ಬಿಡುತ್ತಿದ್ದ. ಸ್ವಂತ ಅಂಗಡಿಯ ಮುಂದೆ ತಾವೇ ನಾತ ಕುಡಿಯಬೇಕಾಗಿ ಬಂದಾಗ ಒಬ್ಬೊಬ್ಬರೇ ದಾರಿಗೆ ಬಂದರು. ಒಂದೂವರೆ ತಿಂಗಳಲ್ಲಿ ಹನ್ನೊಂದು ಅಂಗಡಿಗಳ ಕ್ರೇಟು ಚೊಕ್ಕವಾಗಿ, ದಿನವೂ ಬರತೊಡಗಿತು.

ಸೂಪರ್ ಮಾರ್ಕೆಟ್ಟಿನಲ್ಲಿ ಮಾತ್ರ ಈ ಆಟ ನಡೆಯಲಿಲ್ಲ. ಹಳೇ ಕ್ರೇಟು ಇದ್ದಂಗೇ ಹೇರದಿದ್ದರೆ ಹೊಸ ಮೀನು ಇಳಿಸಿಕೊಳ್ಳುವುದಿಲ್ಲ ಎಂದು ಅಲ್ಲಿನ ಗೇಟಿನವನು ತಡೆದ. ಐಸಿನ ಮೇಲಿನ ಮೀನು ಎಷ್ಟು ಹೊತ್ತು ಕಾದೀತು? ಉಸಿರು ಬಿಗಿಹಿಡಿದು ತಮ್ಮ ಹೇರಿಕೊಂಡು ಬಂದ.

ಅಷ್ಟರಲ್ಲಿ ಅದೇ ಸೂಪರ್ ಮಾರ್ಕೆಟ್ಟಿನಿಂದ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿಯಾಯಿತು. ಮ್ಯಾನೇಜರ್ ಗೋದಾಮಿನಿಂದ ಒಮ್ಮೆಯೂ ಮೀನು ಕಾಣದ ನಲವತ್ತು ಹೊಸ ಕ್ರೇಟು ತರಿಸಿ ಶೆಡ್ಡಿನ ಮುಂದೆ ಗೋಪುರದಂತೆ ಪೇರಿಸಿದ. ಕೊಳೆತವನ್ನು ಹಿಂದೆ ತಳ್ಳಿಸಿ ಟಾರ್ಪಾಲು ಹೊದಿಸಿದ. ಅದರ ಮೇಲೆ ಅವನದೇ ಮಲ್ಲಿಗೆ ಸೆಂಟು ಚಿಮುಕಿಸಿದ. ಕೊಳಕಿಗೆ ಸೆಂಟು ಬೆರೆತು ಎದ್ದ ಆ ಘಾಟು, ಬರೀ ಕೊಳಕಿಗಿಂತ ಹತ್ತು ಪಾಲು ಹೊಟ್ಟೆ ತೊಳಸುವಂತಿತ್ತು.

ತಪಾಸಣೆಯವನು ಇಸ್ತ್ರಿ ಮುರಿಯದ ಅಂಗಿಯ ನಡುವಯಸ್ಸಿನ ಮನುಷ್ಯ. ಕೈಯಲ್ಲಿ ಆರು ಪುಟದ ಫಾರಂ. ಹೊಸ ಕ್ರೇಟು ಕೊಂಡಿದ್ದೀರಾ, ಶೆಡ್ಡಿದೆಯೇ, ಬೋರ್ಡಿದೆಯೇ, ಕೆಲಸದವರಿಗೆ ತರಬೇತಿ ಕೊಟ್ಟ ಫೋಟೋ ಇದೆಯೇ. ಎಲ್ಲಕ್ಕೂ ಹೌದು ಎನ್ನುತ್ತಾ ಮ್ಯಾನೇಜರ್ ಬಾಗಿದ ಬೆನ್ನು ಎತ್ತಲಿಲ್ಲ. ಆಗ ಗಾಳಿ ತಿರುಗಿತು.

"ಏನ್ರೀ ಅದು ನಾತ?"

"ಪಕ್ಕದ ಚರಂಡಿ ಸಾರ್."

ಅವನು ಅಕ್ಕನ ಕಡೆ ನೋಡಿದ. "ಹೌದೇನಮ್ಮಾ?"

ಅಕ್ಕ ನೇರವಾಗಿ ಹಿಂದೆ ಹೋಗಿ ಟಾರ್ಪಾಲು ಎಳೆದು ಬಿಸಾಕಿದಳು. ನೊಣಗಳ ಮೋಡವೇ ಎದ್ದಿತು. ತಪಾಸಣೆಯವನು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಛೀ! ಯಾರ್ದಿದು?"

"ನಿಮ್ದೇ ಸಾರ್. ಲೇಬಲ್ ನೋಡಿ. ನಿಮ್ಮ ಹಿಂಬಾಗಿಲಲ್ಲಿ ಇದೇ ಕಸದ ಡಬ್ಬಿ."

ಅವನು ಲೇಬಲ್ ಓದಿದ. ಕಿವಿ ಕೆಂಪಗಾಯಿತು. ಅವನು ನಾಚಿದ ಎಂದು ಅಕ್ಕನಿಗೆ ಒಂದು ಕ್ಷಣ ಅನ್ನಿಸಿತು. ಅವನು ಫಾರಂ ತಿರುವಿ, ಗಂಟಲು ಸರಿಮಾಡಿಕೊಂಡ.

"ನೋಡಮ್ಮ, ನಾನು ಬಂದಿರೋದು ನಿಮ್ಮ ಕಾರ್ಖಾನೆ ನೋಡೋಕೆ. ನಮ್ಮ ಅಂಗಡಿ ಈ ಫಾರಂನಲ್ಲಿ ಬರಲ್ಲ. ವಾಸನೆಗೂ ಇಲ್ಲಿ ಕಾಲಂ ಇಲ್ಲ."

ಹೊಸ ಕ್ರೇಟಿನ ಬೆನ್ನ ಮೇಲೆ ಕಾಗದವಿಟ್ಟು ಸಹಿ ಹಾಕಿದ. ನೂರಕ್ಕೆ ತೊಂಬತ್ತನಾಲ್ಕು.

ಕಾರು ಗೇಟು ದಾಟುವ ಮೊದಲೇ ಮ್ಯಾನೇಜರ್ ಅಕ್ಕನನ್ನು ಶೆಡ್ಡಿನಿಂದ ಎತ್ತಂಗಡಿ ಮಾಡಿ ಪ್ಯಾಕಿಂಗಿಗೆ ಹಾಕಿದ. ನಾಲ್ವರು ಹೆಂಗಸರು ತೆಪ್ಪಗಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಕ್ರೇಟು ಇನ್ನು ನಾವು ಮುಟ್ಟಲ್ಲ ಎಂದು ಬ್ರಷ್ಷು ಕೆಳಗಿಟ್ಟು ಕೂತುಬಿಟ್ಟರು. ಮ್ಯಾನೇಜರ್ ಸೂಪರ್ ಮಾರ್ಕೆಟ್ಟಿಗೆ ಫೋನು ಮಾಡಿದ, ಅಲ್ಲಿಯವರೂ ಮಾಡಿದರು, ಏನೇನೋ ಗುಸುಗುಸು ನಡೆಯಿತು. ವಾರ ಕಳೆಯುವುದರೊಳಗೆ ಹಿಂದಿನ ಗೇಟಿನಿಂದ ಒಂದು ಲೋಡು ಥರ್ಮೋಕೋಲ್ ಪೆಟ್ಟಿಗೆ ಸದ್ದಿಲ್ಲದೆ ಬಂದಿಳಿಯಿತು. ಅದು ಸೂಪರ್ ಮಾರ್ಕೆಟ್ಟಿಗೆ ಮಾತ್ರ. ಜೊತೆಗೆ ಒಂದು ಕಟ್ಟು ಸ್ಟಿಕ್ಕರು: ಹಸಿರು ಎಲೆ.

ಪೆಟ್ಟಿಗೆಯ ಮೇಲೆ ಎಲೆ ಅಂಟಿಸುವ ಕೆಲಸ ಅಕ್ಕನ ಪಾಲಿಗೆ ಬಂತು. ತಣ್ಣನೆಯ ಚೊಕ್ಕ ಕೋಣೆ, ಕೂರಲು ಕುರ್ಚಿ. ಮಧ್ಯಾಹ್ನದವರೆಗೆ ಇನ್ನೂರು ಅಂಟಿಸಿದಳು. ಊಟಕ್ಕೆ ಎದ್ದು ಕೈ ತೊಳೆದಳು. ಬುತ್ತಿ ಬಿಚ್ಚಿದವಳು ಮತ್ತೆ ಎದ್ದು ಹೋಗಿ ತೊಳೆದಳು. ಬೆರಳ ತುದಿಯಲ್ಲಿ ಏನೋ ಅಂಟು. ಮೂರನೇ ಸಲ ಸೋಪು ಹಚ್ಚಿ, ಮೂಸಿ ನೋಡಿದಳು. ನಾತವೇನೂ ಇರಲಿಲ್ಲ. ಆದರೂ ಬುತ್ತಿ ಮುಚ್ಚಿಟ್ಟು ಮ್ಯಾನೇಜರನ ಬಾಗಿಲಿಗೆ ಹೋಗಿ ನಿಂತಳು.

"ಸಾರ್, ನನ್ನನ್ನ ಶೆಡ್ಡಿಗೇ ಕಳಿಸಿಬಿಡಿ."

"ಯಾಕೆ? ಎಂಥಾ ನೆಮ್ಮದಿ ಕೆಲಸ ಕೊಟ್ಟಿದೀನಿ! ಆ ಗಲೀಜೇ ಬೇಕಾ?"

"ಅದು ತೊಳೆದ್ರೆ ಹೋಗುತ್ತೆ ಸಾರ್."

ಮ್ಯಾನೇಜರನಿಗೆ ಅರ್ಥವಾಯಿತೋ ಇಲ್ಲವೋ. ಶೆಡ್ಡಿಗೆ ಮೇಸ್ತ್ರಿಯಾಗಿ ಬೇರೆ ಯಾರೂ ಹೋಗಲು ಒಪ್ಪಿರಲಿಲ್ಲ, ಹಾಗಾಗಿ ಹೂಂ ಎಂದ. ಅಕ್ಕ ಅಂದೇ ಮಧ್ಯಾಹ್ನ ಹೋಗಿ ಬ್ರಷ್ಷು ಹಿಡಿದಳು. ಬಾಯ್ಲರ್ ಇಂದಿಗೂ ಬಂದಿಲ್ಲ. ಹನ್ನೊಂದು ಅಂಗಡಿಗಳ ಕ್ರೇಟುಗಳು ದಿನವೂ ಬರುತ್ತವೆ, ಒಂದರೊಳಗೊಂದು ಕೂತು, ಲಾರಿಯ ಮೂಲೆಯಲ್ಲಿ. ಸೂಪರ್ ಮಾರ್ಕೆಟ್ಟಿನ ಪೆಟ್ಟಿಗೆಗಳು ಹೋದ ಹಾಗೇ ಹೋಗುತ್ತವೆ, ಮತ್ತೆ ಬರುವುದಿಲ್ಲ. ನಾಲೆಯ ಸೇತುವೆಯ ಕೆಳಗೆ ಬಿಳಿ ಚೂರುಗಳು ಪುನಃ ಕಟ್ಟಿಕೊಂಡಿವೆ. ಈಗ ಕೆಲವು ಚೂರುಗಳ ಮೇಲೆ ಅರ್ಧ ಎಲೆ ಅಂಟಿರುತ್ತದೆ.