ಐದನೆಯವನು

ಟಿವಿಯಲ್ಲಿ ಅಣ್ಣ ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದ್ದು ಕಂಡದ್ದೇ ಅವಳು ಕುರ್ಚಿಯ ತುದಿಗೆ ಸರಿದಳು. ರಾಷ್ಟ್ರೀಯ ಫುಟ್‌ಬಾಲ್ ಕಪ್ಪಿನ ಫೈನಲ್. ಹೆಚ್ಚುವರಿ ಸಮಯವೂ ಮುಗಿದು ಎರಡೂ ತಂಡಗಳು ಒಂದೊಂದು ಗೋಲಿಗೇ ನಿಂತಿದ್ದವು. ಇನ್ನು ಪೆನಾಲ್ಟಿಯಲ್ಲೇ ತೀರ್ಮಾನ. ಹುಲ್ಲಿನ ಮೇಲೆ ಕಾಲು ಚಾಚಿಕೊಂಡಿದ್ದ ಆಟಗಾರರ ನಡುವೆ ಕೋಚ್ ಸುತ್ತುತ್ತಿದ್ದರು. ಒದೆಯಲು ಐವರು ಬೇಕಿತ್ತು, ನಾಲ್ವರು ಸಿಕ್ಕಿದ್ದರು. ಕೊನೆಯ ಹೆಸರಿಗಾಗಿ ಕೋಚ್ ನಾಯಕನ ಮುಂದೆ ಬಂದು ನಿಂತರು. ನಾಯಕನೆಂದರೆ ಅವಳ ಅಣ್ಣ. ಅವನು ಬಗ್ಗಿದ.

ಲೇಸ್ ಬಿಚ್ಚಿರಲಿಲ್ಲ. ಕ್ಯಾಮೆರಾ ಹತ್ತಿರ ಹೋಗಿದ್ದರಿಂದ ಬಿಗಿಯಾದ ಗಂಟು ಚೆನ್ನಾಗಿಯೇ ಕಂಡಿತು. ಅಣ್ಣ ಅದನ್ನು ಬಿಚ್ಚಿ, ಮತ್ತೆ ಕಟ್ಟತೊಡಗಿದ. ಚಿಕ್ಕಂದಿನಲ್ಲಿ ಕಿಟಕಿ ಗಾಜು ಒಡೆದವರು ಯಾರೆಂದು ಅಪ್ಪ ಕೇಳಿದಾಗಲೂ ಅವನು ಹೀಗೇ ಬಗ್ಗಿದ್ದ. ಮುಂದೆ ಅದೇ ಅಪ್ಪ ಆಸ್ಪತ್ರೆಯಲ್ಲಿ ಮಲಗಿ, ರಾತ್ರಿ ಜೊತೆಗೆ ಯಾರು ಉಳಿಯುತ್ತೀರೆಂದು ನರ್ಸ್ ವಿಚಾರಿಸಿದಾಗಲೂ ಅಷ್ಟೇ. ಉಳಿದದ್ದು ಅವಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಜಾರಿಕೊಳ್ಳುವ ಅವನ ಈ ವಿದ್ಯೆ ಮನೆಯವರಿಗಲ್ಲದೆ ಹೊರಗಿನವರಿಗೆ ಗೊತ್ತಿರಲಿಲ್ಲ.

ಅವಳು ಪಕ್ಕಕ್ಕೆ ತಿರುಗಿದಳು. ಅಮ್ಮನೂ ಅವಳತ್ತ ತಿರುಗಿದ್ದಳು. ಇಬ್ಬರ ಕಣ್ಣೂ ಒಂದು ಗಳಿಗೆ ಕೂಡಿದವು. ಅಮ್ಮ ಥಟ್ಟನೆ ಟೀ ಲೋಟ ಎತ್ತಿಕೊಂಡಳು.

ಪರದೆಯ ಮೇಲೆ ಇನ್ನೊಂದು ಕೈ ಮೇಲೆದ್ದಿತು. ಅದು ಅವಳ ಗಂಡನ ಕೈ. ಡಿಫೆನ್ಸಿನಲ್ಲಿ ಆಡುವ ಅವನನ್ನು ಅಭಿಮಾನಿಗಳು 'ಗೋಡೆ' ಎಂದು ಕರೆಯುತ್ತಿದ್ದರು. ಬಂದ ಚೆಂಡನ್ನು ತಡೆಯುವುದು ಅವನ ಕಸುಬು. ಯಾವ ಪಂದ್ಯದಲ್ಲೂ ಪೆನಾಲ್ಟಿ ಒದ್ದವನೇ ಅಲ್ಲ. ಎರಡೂ ಕಡೆಯ ಮೊದಲ ನಾಲ್ವರೂ ಗೋಲು ಹೊಡೆದರು. ಎದುರಾಳಿಗಳ ಐದನೆಯವನೂ ಹೊಡೆದ. ಆಮೇಲೆ ಗೋಡೆ ಓಡಿ ಬಂದು ಒದ್ದ. ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಪ್ರೇಕ್ಷಕರ ನಡುವೆ ಬಿತ್ತು. ಕಪ್ಪು ಕೈತಪ್ಪಿತು.

"ಇವರಿಗ್ಯಾಕೆ ಬೇಕಿತ್ತು ಇಲ್ಲದ ಉಸಾಬರಿ?" ಎಂದಳು ಅಮ್ಮ.

ಅವಳಿಗೆ ಮೈಯೆಲ್ಲ ಉರಿಯಿತು. ಅಮ್ಮ ಈ ಅಳಿಯನ ಮನೆಯಲ್ಲೇ ಇದ್ದು, ಅವನು ದುಡಿದದ್ದನ್ನೇ ಉಣ್ಣುತ್ತಿದ್ದಳು. ಮಗ ಹಬ್ಬ ಹುಣ್ಣಿಮೆಗೆ ಬಂದು ಹೋಗುವ ನೆಂಟ. ಆದರೂ ಮಾತು ಯಾರ ಕಡೆ ವಾಲಿತೆಂಬುದನ್ನು ಅವಳು ಗಮನಿಸಿದಳು.

ಅಷ್ಟರಲ್ಲಿ ಯಾರೋ ಅಣ್ಣನ ಬಾಯಿಗೆ ಮೈಕ್ ಹಿಡಿದಿದ್ದರು. ಅವನ ಕಣ್ಣಲ್ಲಿ ನೀರಿತ್ತು, ಮಾತು ಮಾತ್ರ ಸರಾಗವಾಗಿ ಬಂತು. "ನಾನೇ ಹೊಡೀಬೇಕು ಅಂತಿದ್ದೆ. ಅವನೇ ಕೈ ಎತ್ತಿದ. ಅಷ್ಟು ಹುಮ್ಮಸ್ಸಲ್ಲಿ ಇರೋವಾಗ ಬೇಡ ಅನ್ನೋಕಾಗುತ್ತಾ ಹೇಳಿ?"

ಮರುದಿನ ಗಂಡ ಮನೆಗೆ ಬಂದು ಬ್ಯಾಗನ್ನು ಬಾಗಿಲ ಹಿಂದೆ ಇಟ್ಟ. ಕಾಲು ತೊಳೆದುಕೊಂಡು ಬಂದು ಕೂತವನನ್ನು ಅವಳು ಒಂದೇ ಮಾತು ಕೇಳಿದಳು. "ಯಾಕ್ರೀ ಕೈ ಎತ್ತಿದ್ರಿ?"

"ಕೋಚ್ ಭಾವನ ಮುಂದೆ ನಿಂತೇ ಇದ್ರು. ಭಾವ ತಲೆ ಎತ್ತಲೇ ಇಲ್ಲ. ಎಲ್ರೂ ನೋಡ್ತಾ ಇದ್ರು. ನನಗೆ ನೋಡಕ್ಕಾಗ್ಲಿಲ್ಲ."

"ಅವನು ಟಿವೀಲಿ ಹೇಳಿದ್ದು ಕೇಳಿದ್ರಾ?"

"ಕೇಳ್ದೆ."

ಅಷ್ಟು ಹೇಳಿ ಅವನು ಒಳಗೆ ಹೋಗಿ ಮಲಗಿದ. ಊರು ಅವನ ಬದಲಿಗೂ ಮಾತಾಡಿತು. ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಬಂದವನೊಬ್ಬ ತಲೆನೋವಿನ ಮಾತ್ರೆ ಕೇಳಿ, "ಈ ತಲೆನೋವು ನಿಮ್ಮ ಯಜಮಾನ್ರೇ ಕೊಟ್ಟಿದ್ದು, ದುಡ್ಡು ಅವರ ಹತ್ರಾನೇ ಇಸ್ಕೊಳ್ಳಿ" ಎಂದು ನಕ್ಕ. ಹಿಂದಿದ್ದವರೂ ನಕ್ಕರು. ಅವಳು ಮಾತ್ರೆ ಕತ್ತರಿಸಿ ಕೊಟ್ಟಳು. ಅವನ ತಲೆಯನ್ನೂ ಅದೇ ಕತ್ತರಿಯಿಂದ ಕತ್ತರಿಸಬೇಕೆನಿಸಿತ್ತು.

ವಾರ ಕಳೆಯುವುದರೊಳಗೆ ಕ್ಲಬ್ಬಿನ ಮ್ಯಾನೇಜರರ ಫೋನ್ ಬಂತು. ಅಭಿಮಾನಿಗಳು ಗಲಾಟೆ ಮಾಡುತ್ತಿದ್ದಾರೆ, ಮುಂದಿನ ವರ್ಷಕ್ಕೆ ಗೋಡೆ ಬೇಡವೆಂಬ ಮಾತಿದೆ, ಭಾನುವಾರ ಸಂಜೆ ಸಭೆ, ನಾಯಕ ಏನು ಹೇಳುತ್ತಾರೋ ಅದರ ಮೇಲೆ ನಿಂತಿದೆ ಎಂದರು. ಅವಳು ಅಣ್ಣನನ್ನು ಅದೇ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದಳು.

ಅಣ್ಣ ಹೊಸ ಬಟ್ಟೆ ಹಾಕಿಕೊಂಡು ಬಂದ. ಅಮ್ಮ ಮಗನ ತಟ್ಟೆಗೆ ಕೇಳಿ ಕೇಳಿ ಬಡಿಸಿದಳು, ಅಳಿಯನಿಗೆ "ಸಾಕಾ?" ಎಂದಳು. ಗಂಡಸರಿಬ್ಬರೂ ಸೋತ ಮೇಲೆ ಬಿಟ್ಟುಹೋದ ಕೋಚ್ ಜಾಗಕ್ಕೆ ಯಾರು ಬರಬಹುದು, ಮೈದಾನದ ಹುಲ್ಲು ಯಾಕೆ ಒಣಗಿದೆ ಎಂದು ಆಡಬಾರದ್ದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಡಿದರು. ಕೈ ತೊಳೆದು ಎಲ್ಲರೂ ಹೊರಗಿನ ಕೋಣೆಗೆ ಬಂದರು. ಅಣ್ಣ ಗಡಿಯಾರ ನೋಡಿ ಎದ್ದ.

"ಅಣ್ಣಾ, ಸಂಜೆ ಸಭೇಲಿ ಒಂದು ಮಾತು ಹೇಳು," ಎಂದಳು ಅವಳು. "ಕೋಚ್ ಮೊದಲು ಕೇಳಿದ್ದು ನಿನ್ನ. ನೀನು ಹಿಂದೆ ಸರಿದೆ, ಇವರು ಮುಂದೆ ಬಂದ್ರು. ಅಷ್ಟು ಹೇಳಿದ್ರೆ ಸಾಕು. ಇವರ ಕೆಲಸ ಉಳಿಯುತ್ತೆ."

"ಬಿಡೇ," ಎಂದ ಗಂಡ.

"ಬಿಡಲ್ಲ. ಆ ದಿನ ನಿನ್ನ ಲೇಸ್ ಬಿಚ್ಚಿರಲಿಲ್ಲ ಅಣ್ಣಾ. ನಾನು ನೋಡಿದೀನಿ. ಅಮ್ಮನೂ ನೋಡಿದಾಳೆ. ಹೇಳಮ್ಮ."

ಅಮ್ಮ ಮೇಜಿನ ಮೇಲಿನ ಬಟ್ಟೆಯನ್ನು ಎಳೆದು ಸರಿಮಾಡಿದಳು. "ನನ್ನ ಕಣ್ಣು ಈಗ ಎಲ್ಲಿ ನೆಟ್ಟಗಿದೆ? ಟಿವೀಲಿ ಏನೂ ಸರಿಯಾಗಿ ಕಾಣಲ್ಲ."

ಗಂಡ ಅತ್ತೆಯ ಮುಖವನ್ನೇ ನೋಡಿದ. ಕಳೆದ ತಿಂಗಳಷ್ಟೇ ಆ ಕಣ್ಣಿಗೆ ಆಪರೇಷನ್ ಮಾಡಿಸಿ, ಕೈ ಹಿಡಿದು ಮನೆಗೆ ಕರೆತಂದವನು ಅವನು.

"ಹೇಳ್ತೀಯಾ, ಇಲ್ವಾ?" ಎಂದಳು ಅವಳು ಅಣ್ಣನಿಗೆ.

ಅಣ್ಣ ಬಾಗಿಲಿಗೆ ಹೋದ. ಹೊಸ್ತಿಲಾಚೆ ಬಿಟ್ಟಿದ್ದ ಶೂಗಳೊಳಗೆ ಕಾಲು ತೂರಿಸಿದ. ಅವೂ ಹೊಸವು, ಲೇಸಿಲ್ಲದೆ ಸುಮ್ಮನೆ ಏರಿಸಿಕೊಳ್ಳುವಂಥವು. ಆದರೂ ಅವನು ಬಗ್ಗಿದ. ಬೆರಳುಗಳು ಶೂಗಳ ಮೇಲೆ ಅತ್ತಿತ್ತ ಆಡಿದವು, ಹಿಡಿಯಲು ಏನೂ ಸಿಗದೆ ನಿಂತವು, ಮತ್ತೆ ಆಡಿದವು. ಅವನು ತಲೆ ಎತ್ತಲಿಲ್ಲ. ಅವಳೂ ಗಂಡನೂ ಅವನ ಬೆನ್ನು ನೋಡುತ್ತಾ ನಿಂತರು.

ಅಮ್ಮ ಎದ್ದು ಬಂದಳು.

"ಪಾಪ, ಕತ್ತಲಲ್ಲಿ ಕಾಣ್ತಿಲ್ಲ ಅವನಿಗೆ," ಎಂದು ಬಾಗಿಲ ಮೇಲಿನ ದೀಪ ಹಾಕಿದಳು. ಹೊರಗೆ ರಸ್ತೆಯ ತುಂಬ ಬಿಸಿಲಿತ್ತು.