ನಕ್ಷೆಯಲ್ಲಿ ಇಡದ ಚುಕ್ಕೆ

ಇಶ್ಬೆಲ್ ಮಂಡಿಯೂರಿ ವಿಲ್ಲೋ ಮರದ ಬೊಡ್ಡೆಯ ಮೇಲೆ ಹೆಬ್ಬೆರಳಾಡಿಸಿದಳು. ಹಲ್ಲಿನ ಗುರುತುಗಳೇನೋ ಇದ್ದವು, ಆದರೆ ಬೂದು ಬಣ್ಣಕ್ಕೆ ತಿರುಗಿದ್ದವು. ನೀರಲ್ಲಿ ಬಾಳುತ್ತ ಹಲ್ಲಿನಿಂದಲೇ ಮರ ಉರುಳಿಸುವ ಬೀವರ್ ಹೊಸದಾಗಿ ಕಡಿದ ಮರ ಬೆಣ್ಣೆಯ ಬಣ್ಣಕ್ಕಿರುತ್ತದೆ. ಹನ್ನೊಂದು ವರ್ಷದಿಂದ ಟೇ ನದಿಯ ಹಳ್ಳಕೊಳ್ಳಗಳಲ್ಲೆಲ್ಲ ಬೀವರ್‌ಗಳ ಸರ್ವೆ ಮಾಡುತ್ತಿದ್ದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಪಕ್ಕದ ಬೊಡ್ಡೆ ನೋಡಿದಳು, ಅದರಾಚೆಯದನ್ನೂ ನೋಡಿದಳು. ಎಲ್ಲ ಹಳೆಯವೇ.

"ಹುಡುಕ್ಬೇಡ ಕಣಮ್ಮಾ," ಬೇಲಿಯ ಹತ್ತಿರದಿಂದ ಡೂಗಲ್ ಅಜ್ಜ ಕೂಗಿದ. "ಅವಿಲ್ಲ ಈಗ."

ಹಳ್ಳದ ಈ ದಡ ಅಜ್ಜನದು, ಆ ದಡ ಆಲೂಗಡ್ಡೆ ಬೆಳೆಯುವವನೊಬ್ಬನದು. ಮೂರು ವರ್ಷದ ಹಿಂದಿನ ಸರ್ವೆಯಲ್ಲಿ ಇದೇ ಅಜ್ಜ, ಕೊಂಬೆರೆಂಬೆ ಒಟ್ಟಿ ಕಟ್ಟಿದ ಬೀವರ್ ಗೂಡನ್ನು ಮೊಮ್ಮಕ್ಕಳನ್ನು ತೋರಿಸುವ ಹಿಗ್ಗಿನಲ್ಲಿ ತೋರಿಸಿದ್ದ. ಆಮೇಲೆ ದನಿ ತಗ್ಗಿಸಿ, "ನಕ್ಷೇಲಿ ಹಾಕ್ಬೇಡ. ಗೊತ್ತಾದ್ರೆ ಕೋವಿ ಹಿಡ್ಕೊಂಡ್ ಬರ್ತಾರೆ" ಎಂದಿದ್ದ. ಅವಳಿಗೂ ಹೌದೆನಿಸಿತ್ತು. ಹಳ್ಳದ ಈ ತಿರುವಿಗೆ 'ಗುರುತುಗಳಿಲ್ಲ' ಎಂದು ಬರೆದು, ದೊಡ್ಡ ಉಪಕಾರ ಮಾಡಿದವಳಂತೆ ಬೀಗುತ್ತ, ಅಜ್ಜ ಕೊಟ್ಟ ಸ್ಕೋನ್ ಬನ್ನು ತಿಂದು ಹೋಗಿದ್ದಳು.

"ಏನಾಯ್ತಜ್ಜಾ? ಹೊಡೆದ್ರಾ?"

"ಕೋವಿ ಎಲ್ಲಿ ಬಂತು! ಆಚೆ ದಡದೋನು ಕಾನೂನು ಬಿಟ್ಟು ನಡೆಯೋನಲ್ಲ. ಹೊಲಕ್ಕೆ ನೀರು ನುಗ್ತಿತ್ತು, ಹಳ್ಳ ಕೆರೆಸೋಕೆ ಹೊರಟ. ಬೀವರ್ ಇದ್ರೆ ಮೊದ್ಲು ಅವನ್ನ ಹಿಡಿಸಿ ಬೇರೆ ಕಡೆ ಬಿಡಿಸ್ಬೇಕಲ್ಲ, ಅದಕ್ಕೇ ನಿಮ್ಮ ನಕ್ಷೆ ತರಿಸಿ ನೋಡ್ದ. ಏನೂ ಇರ್ಲಿಲ್ಲ. ಮಣ್ಣೆತ್ತೋ ಯಂತ್ರ ಇಳಿಸ್ದ." ಅಜ್ಜ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಹೋದ ಜೂನ್‌ನಲ್ಲಿ. ಗೂಡೊಳಗೆ ಮರಿಗಳಿದ್ವು. ನಾನು ಓಡಿ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು."

ಇಶ್ಬೆಲ್ ಬೊಡ್ಡೆಯಿಂದ ಕೈ ತೆಗೆದು ಎದ್ದು ನಿಂತಳು. "ನಾನು ಬರೀಬೇಕಿತ್ತು."

"ಬೇಡ ಅಂದ ಮುದಿ ಕತ್ತೆ ನಾನಲ್ವಾ?"

"ಬರೆಯೋ ಕೆಲಸ ನಂದಾಗಿತ್ತಜ್ಜ."

ಅವನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಬೇಲಿ ದಾಟಿ ಬಂದು ಅವಳ ಪಕ್ಕದಲ್ಲಿ ನಿಂತ.

"ಈಗಾದ್ರೂ ಹಾಕು. ಇಲ್ಲಿದ್ವು ಅಂತ."

ಅವಳು ನಕ್ಷೆ ಬಿಚ್ಚಿ ಆ ತಿರುವಿನಲ್ಲಿ ಚುಕ್ಕೆಯಿಟ್ಟಳು. ಪಕ್ಕದಲ್ಲಿ 'ಹಳೆಯ ಗುರುತು' ಎಂದು ಬರೆದಳು. ಅದಕ್ಕಿಂತ ಹೆಚ್ಚು ಬರೆಯಲು ಆ ಪುಟ್ಟ ಚೌಕದಲ್ಲಿ ಜಾಗವಿರಲಿಲ್ಲ.

ಬೊಡ್ಡೆಗಳ ಸುತ್ತ ವಿಲ್ಲೋ ಮತ್ತೆ ಚಿಗುರಿತ್ತು. ನೆಟ್ಟಗಿನ ಎಳೆ ಕೊಂಬೆಗಳು ಅಜ್ಜನ ಎದೆಮಟ್ಟ ಬೆಳೆದಿದ್ದವು. ಅವನು ಒಂದನ್ನು ಬಗ್ಗಿಸಿ ಬುಡದಿಂದ ತುದಿಯವರೆಗೆ ಬೆರಳಾಡಿಸಿ ನೋಡಿದ. ಎಲ್ಲೂ ಹಲ್ಲು ತಾಗಿರಲಿಲ್ಲ.