ಮೂರು ಸಲಾಕೆಯ ಪರಿಣತ

ಯುಲ್‌ಹೆಂದ್ರಿಯ ಟೋಪಿಯ ಮೇಲೆ ‘ಪರಿಣತ’ ಎಂದು ಕಸೂತಿ ಹಾಕಿತ್ತು. ಹಾಕಿಸಿದವನು ಅವನೇ, ಪೆಕನ್‌ಬಾರು ನಗರದ ಪೇಟೆಯಲ್ಲಿ, ದರ್ಜಿಯ ಮುಂದೆ ನಿಂತು ಅಕ್ಷರ ಇನ್ನೂ ಸ್ವಲ್ಪ ದೊಡ್ಡದಾಗಲಿ ಎಂದು ಹೇಳಿ. ಆ ಟೋಪಿಯನ್ನು ನೆನೆದರೆ ಇವತ್ತಿಗೂ ಅವನ ಕಿವಿ ಬಿಸಿಯಾಗುತ್ತದೆ.

ಕಂಪಾರ್ ನದಿಯ ಕೆಳದಂಡೆಯಲ್ಲಿ ಕಾಗದಕ್ಕೆ ಬೇಕಾದ ಅಕೇಶಿಯಾ ಬೆಳೆಸಲು ಒಂದು ಕಂಪನಿ ಜಾಗ ಪಡೆದಿತ್ತು. ಸಸಿ ನೆಡುವ ಮುಂಚೆ ಯಾವ ಕಾಡನ್ನು ಉಳಿಸಬೇಕು, ಗಂಬುತ್ ಎಲ್ಲಿ ಆಳವಾಗಿದೆ ಎಂದು ನಕ್ಷೆ ಮಾಡಿಕೊಡುವುದು ಯುಲ್‌ಹೆಂದ್ರಿಯ ಕೆಲಸ. ಗಂಬುತ್ ಎಂದರೆ ಸಾವಿರಾರು ವರ್ಷಗಳ ಎಲೆ, ಬೇರು, ಕಾಂಡ ನೀರಿನಲ್ಲಿ ಕೊಳೆತು ಕೂತ ಕಪ್ಪು ನೆಲ. ಅದು ಮೂರು ಮೀಟರಿಗಿಂತ ಆಳವಿದ್ದರೆ ಕಾನೂನು ಮುಟ್ಟಗೊಡುವುದಿಲ್ಲ. ಮೂರಕ್ಕೇ ನಿಂತರೆ ಕಾಲುವೆ ತೋಡಿ, ನೀರು ಬಸಿದು, ನೆಡಬಹುದು.

ಅಳೆಯುವ ಸಲಾಕೆಗಳು ಒಂದೊಂದು ಮೀಟರ್ ಉದ್ದ. ಒಂದರ ತುದಿಗೆ ಇನ್ನೊಂದನ್ನು ತಿರುಗಿಸಿ ಸೇರಿಸುತ್ತ, ತಳದ ಜೇಡಿಮಣ್ಣು ತಗಲುವ ತನಕ ಇಳಿಸಬೇಕು. ಚೀಲದಲ್ಲಿ ಎಂಟಿದ್ದವು. ದೋಣಿ ಇಳಿಯುವಾಗ ಯುಲ್‌ಹೆಂದ್ರಿ ಮೂರನ್ನು ಮಾತ್ರ ಎತ್ತಿಕೊಂಡ. ಮಂಡಿಯವರೆಗೆ ಹೂತುಕೊಳ್ಳುವ ಆ ನೆಲದಲ್ಲಿ ಅವನಿಗೆ ತನ್ನ ಹೊಟ್ಟೆಯನ್ನು ಹೊರುವುದೇ ಸಾಕುಬೇಕಾಗುತ್ತಿತ್ತು.

ದಾರಿ ತೋರಿಸಲು ಬಂದವರು ಮಹಿದಿನ್, ಎಪ್ಪತ್ತು ದಾಟಿದ ಜೇನಿಳಿಸುವ ಮುದುಕ. ಊರೆಲ್ಲ ಅವರನ್ನು ಆತುಕ್, ಅಂದರೆ ಅಜ್ಜ, ಎಂದೇ ಕರೆಯುತ್ತಿತ್ತು. ಅವರು ದೋಣಿಯಲ್ಲಿ ಉಳಿದ ಸಲಾಕೆಗಳನ್ನು ನೋಡಿದರು.

“ಇವು ಬೇಡ್ವಾ, ಪಾಕ್?” ಎಂದರು. ಪಾಕ್ ಎಂದರೆ ಅಲ್ಲಿ ಸಾಹೇಬರೇ ಎಂದಂತೆ.

“ಸಾಕು ಆತುಕ್. ಇಲ್ಲಿ ಅಷ್ಟೇನೂ ಆಳ ಇಲ್ಲ.”

“ಓಹೋ. ಕೊರೆಯೋಕ್ ಮುಂಚೇನೇ ಗೊತ್ತಾಗೋಯ್ತಾ?”

ಮರ ನೋಡಿಯೇ ಆಳ ಹೇಳಬಲ್ಲೆ, ಹದಿನೆಂಟು ವರ್ಷದ ಅನುಭವ ಎಂದು ಯುಲ್‌ಹೆಂದ್ರಿ ಟೋಪಿ ಸರಿಮಾಡಿಕೊಂಡ. ಮುದುಕ ದೋಣಿ ಕಟ್ಟಿ ಮುಂದೆ ನಡೆದರು.

ಮೂರು ದಿನ, ನಲವತ್ತೆರಡು ಕಡೆ ಕೊರೆದದ್ದಾಯಿತು. ಬಹುತೇಕ ಎಲ್ಲ ಕಡೆಯೂ ಮೂರನೆಯ ಸಲಾಕೆ ಹಿಡಿಯ ತನಕ ಇಳಿಯಿತು, ಜೇಡಿ ಸಿಗಲಿಲ್ಲ. ಮೊದಲ ದಿನ ಅವನು ಮೂರರ ಪಕ್ಕ, ಇನ್ನೂ ಆಳವಿದೆ ಎಂಬುದಕ್ಕೆ, ಒಂದು ಕೂಡು ಚಿಹ್ನೆ ಹಾಕಿದ, ನಾಳೆ ಉಳಿದ ಸಲಾಕೆ ತಂದು ನೋಡೋಣ ಎಂದು. ಮರುದಿನ ಸೊಂಟ ನೋಯುತ್ತಿತ್ತು; ಚಿಹ್ನೆಯೂ ಬೇಡ ಅನ್ನಿಸಿತು. ಪೆಕನ್‌ಬಾರುವಿಗೆ ಹಿಂತಿರುಗಿದ ಮೇಲೆ ಕಂಪ್ಯೂಟರ್ ಅಂಕಿ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲೊಲ್ಲೆ ಎಂದಿತು. ಇದ್ದ ಚಿಹ್ನೆಗಳನ್ನೂ ಅಳಿಸಿದ. ಕಾಡೆಲ್ಲ ಅಚ್ಚುಕಟ್ಟಾಗಿ ಮೂರು ಮೀಟರಿಗೆ ಬಂದು ನಿಂತಿತು, ಅದೂ ಕಾನೂನು ಓದಿಕೊಂಡಿತ್ತೇನೋ ಅನ್ನುವಂತೆ.

ತಿಂಗಳಾದ ಮೇಲೆ ಊರಿನ ಸಭಾಮಂಟಪದಲ್ಲಿ ನಕ್ಷೆ ತೋರಿಸುವ ದಿನ ಬಂತು. ಊರವರು ಚಾಪೆಯ ಮೇಲೆ ಕೂತಿದ್ದರು, ಕಂಪನಿಯ ಅಧಿಕಾರಿ ಸುಗೆಂಗ್ ಕುರ್ಚಿಯಲ್ಲಿ. ಬಹುಪಾಲು ಕಾಡು ಅಕೇಶಿಯಾ ಪಾಲಿಗೆ ಹೋಗಿತ್ತು. ನಡುವೆ ಒಂದು ಹಸಿರು ಚುಕ್ಕೆ. ಅದು ಊರವರು ತಲೆಮಾರುಗಳಿಂದ ಜೇನಿಳಿಸುತ್ತಿದ್ದ ಸಿಯಾಲಂಗ್ ಮರ. ಅದರ ಸುತ್ತ ಐವತ್ತು ಮೀಟರ್ ಬಿಟ್ಟಿದ್ದೇನೆ ಎಂದು ಯುಲ್‌ಹೆಂದ್ರಿ ಮನೆಯಿಂದ ತಂದುಕೊಟ್ಟವನ ಹಾಗೆ ಹೇಳಿದ.

ಆತುಕ್ ಎದ್ದು ಬಂದರು. ಎರಡೂ ಕೈಯಲ್ಲಿ ಹಿಡಿದು ತಂದ, ಮಡಿಸಿದ ಬಿಳಿ ಬಟ್ಟೆಯ ಗಂಟೊಂದನ್ನು ಅವನ ಮುಂದೆ ಇಟ್ಟರು.

ಯುಲ್‌ಹೆಂದ್ರಿಯ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ಯಾವ ಊರೂ ಅವನಿಗೆ ಉಡುಗೊರೆ ಕೊಟ್ಟಿರಲಿಲ್ಲ. ಅವನು ಬಟ್ಟೆಯನ್ನು ಎದೆಗೊತ್ತಿಕೊಂಡು ಪುಟ್ಟ ಭಾಷಣವನ್ನೇ ಮಾಡಿದ: ಇದರಲ್ಲಿ ಅಂಗಿ ಹೊಲಿಸಿಕೊಳ್ಳುತ್ತೇನೆ, ಹಬ್ಬದ ನಮಾಜಿಗೆ ತೊಡುತ್ತೇನೆ, ನಿಮ್ಮ ಪ್ರೀತಿ ಮರೆಯುವುದಿಲ್ಲ.

ಊರ ಮುಖ್ಯಸ್ಥ ಬಂದು ಅವನ ಕಿವಿಯಲ್ಲಿ ಹೇಳಿದ, ಇಲ್ಲಿ ಸಿಯಾಲಂಗ್ ಕಡಿದವನು ದಂಡವಾಗಿ ಸತ್ತವರಿಗೆ ಹೊದಿಸುವ ಹಾಗೆ ಮರದ ಉದ್ದಕ್ಕೂ ಬಿಳಿ ಬಟ್ಟೆ ಸುತ್ತಬೇಕು ಎಂದು. ಇದು ಆ ಬಟ್ಟೆ.

“ಆದ್ರೆ ಮರ ಬಿಟ್ಟಿದ್ದೀನಲ್ಲ ಆತುಕ್,” ಎಂದ ಯುಲ್‌ಹೆಂದ್ರಿ. ದನಿ ಅರ್ಧಕ್ಕೆ ಇಳಿದಿತ್ತು.

“ಸುತ್ತ ನೀರು ಬಸಿದ್ರೆ ನೆಲ ಕುಸಿಯುತ್ತೆ, ಮರ ತಾನೇ ಮಲಗುತ್ತೆ. ಹೂವಿನ ಕಾಡಿಲ್ದೆ ಜೇನ್ಹುಳ ಏನ್ ತಿನ್ನುತ್ತೆ? ದಂಡ ಕಟ್ಟೋದು ನೀವು, ಪಾಕ್. ಆದ್ರೆ ನೀವು ಭಾರ ಹೊರೋರಲ್ವಲ್ಲ, ಅದಕ್ಕೆ ಬಟ್ಟೆ ನಾವೇ ತಂದ್ವಿ.”

ಹಿಂದಿನ ಸಾಲಿನಲ್ಲಿ ಹೆಂಗಸರು ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅವನಿಗೆ ನಾಚಿಕೆಯಾಯಿತು. ದೋಣಿಯಲ್ಲಿ ಬಿಟ್ಟ ಐದು ಸಲಾಕೆ ಮುದುಕನಿಗೆ ನೆನಪಿತ್ತು. ಅದನ್ನು ಬಾಯಿಬಿಟ್ಟು ಹೇಳದೆ ಮರ್ಯಾದೆ ಉಳಿಸಿದ್ದರು. ಯುಲ್‌ಹೆಂದ್ರಿ ಈಗ ಸುಮ್ಮನೆ ಕೂತರೆ ಸಭೆ ಮುಗಿಯುತ್ತಿತ್ತು, ಮಧ್ಯಾಹ್ನದ ಮೀನು ಸಾರು ಕಾದಿತ್ತು, ಸುಗೆಂಗ್ ಆಗಲೇ ಗಡಿಯಾರ ನೋಡುತ್ತಿದ್ದ.

ಅವನು ಟೋಪಿ ತೆಗೆದು ಚಾಪೆಯ ಮೇಲಿಟ್ಟ.

“ಕಾಡಿನ ಆಳ ಮೂರು ಮೀಟರ್ ಅಲ್ಲ,” ಎಂದ. “ನಾನು ತಗೊಂಡ್ ಹೋಗಿದ್ದ ಸಲಾಕೆ ಮೂರು ಮೀಟರ್ ಇತ್ತು. ನನಗೆ ಸೋಮಾರಿತನ. ಈ ನಕ್ಷೆ ಸುಳ್ಳು.”

ಸುಗೆಂಗ್ ಕುರ್ಚಿಯಿಂದ ಅರ್ಧ ಎದ್ದು, ಒಳಗೆ ಮಾತಾಡೋಣ ಎಂದ. ಊರ ಮುಂದೆಯೇ ಹೇಳಿಯಾಗಿತ್ತು. ಒಳಗೆ ಆಡಲು ಏನೂ ಉಳಿದಿರಲಿಲ್ಲ.

ಮುಂದಿನ ವಾರ ಯುಲ್‌ಹೆಂದ್ರಿ ಎಂಟು ಸಲಾಕೆ ಹೊತ್ತು, ಏದುಸಿರು ಬಿಡುತ್ತ, ಎರಡು ಸಲ ಬಿದ್ದು, ಅದೇ ನಲವತ್ತೆರಡು ಕಡೆಗೆ ಹೋದ. ಸಿಯಾಲಂಗ್ ಮರದ ಹತ್ತಿರ ಏಳನೆಯದು ಅರ್ಧ ಇಳಿದ ಮೇಲೆ ಬೂದುಬಣ್ಣದ ಜೇಡಿ ಬಂತು. ಆತುಕ್ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಮೂವತ್ತಾರು ಕಡೆ ಆಳ ಮೂರನ್ನು ದಾಟಿತ್ತು. ನಕ್ಷೆಯಲ್ಲಿ ಚುಕ್ಕೆಯಾಗಿದ್ದ ಹಸಿರು ನದಿಯ ತನಕ ಹರಡಿತು. ಕಂಪನಿ ಅದನ್ನು ಒಪ್ಪಿಕೊಂಡಿತು, ಅವನನ್ನು ಮತ್ತೆ ಕರೆಯಲಿಲ್ಲ.

ಹೊರಡುವ ದಿನ ಅವನು ಬಟ್ಟೆಯನ್ನು ಹಿಂದಕ್ಕೆ ಕೊಡಹೋದ.

“ಇಟ್ಕೊಳ್ಳಿ,” ಎಂದರು ಆತುಕ್. “ನಮ್ಮ ಮರ ಉಳೀತು. ನೀವು ಇನ್ನೂ ಬೇರೆ ಊರೋರ ಕಾಡು ಅಳೀತೀರಲ್ಲ.”

ಈಗ ಅವನ ಚೀಲದಲ್ಲಿ ಎಂಟು ಸಲಾಕೆಗಳಿಗೂ ಆ ಬಟ್ಟೆ ಸುತ್ತಿರುತ್ತದೆ. ದೋಣಿ ಇಳಿಯುವಾಗ ಪ್ರತಿ ಸಲವೂ ಐದನ್ನು ಬಿಟ್ಟುಹೋಗೋಣ ಅನ್ನಿಸುತ್ತದೆ. ಬಿಡಬೇಕೆಂದರೆ ಮೊದಲು ಬಟ್ಟೆ ಬಿಚ್ಚಬೇಕು. ಅವನು ತನ್ನನ್ನೇ ಬೈದುಕೊಂಡು ಚೀಲವನ್ನು ಹೆಗಲಿಗೇರಿಸುತ್ತಾನೆ.